ರಕ್ತ ನಿಲ್ಲಲು ಕಲಿತದ್ದು

ಭೂಮಿ ಇನ್ನೂ ಹಸಿಯಾಗಿದ್ದ ಕಾಲ ಅದು. ಗುಡ್ಡವನ್ನು ಮುಟ್ಟಿದರೆ ಬೆರಳಿನ ಗುರುತು ಉಳಿಯುತ್ತಿತ್ತು. ಹೊಳೆಗೆ ಹೆಸರಿರಲಿಲ್ಲ, ಗಾಳಿಗೆ ದಾರಿ ಗೊತ್ತಿರಲಿಲ್ಲ. ಹುಲಿ ಉದುರಿದ ಹಣ್ಣು ತಿಂದು ಮುಖ ಸಿಂಡರಿಸುತ್ತಿತ್ತು, ಬೇರೆ ಏನು ತಿನ್ನಬೇಕೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಆಗ ಪ್ರಾಣಿಗಳ ಮೈಯೊಳಗೆ ರಕ್ತ ಹೊಸದಾಗಿ ಬಂದು ಸೇರಿಕೊಂಡಿತ್ತು. ಏನು ಕೆಲಸ ಮಾಡಬೇಕು ಅಂತ ಅದಕ್ಕೆ ತಿಳಿಯದು. ಸುಮ್ಮನೆ ಒಂದು ಕಡೆ ಕೂತಿತ್ತು. ರಕ್ತ ಕೂತರೆ ಮೈ ಏಳುತ್ತದೆಯೇ? ಎಲ್ಲ ಪ್ರಾಣಿಗಳೂ ಬೆಳಗಿನಿಂದ ಸಂಜೆವರೆಗೆ ತೂಕಡಿಸುತ್ತ ಬಿದ್ದಿರುತ್ತಿದ್ದವು. ಚಿಗರಿ ಜಿಂಕೆ ಅಂತೂ, ಹುಲ್ಲು ಮೂರು ಗೇಣು ದೂರ ಇದ್ದರೆ ನಾಳೆ ತಿಂದರಾಯಿತು ಅನ್ನುತ್ತಿತ್ತು.

ಕೊನೆಗೆ ಆ ಚಿಗರಿಯೇ ತೆವಳಿಕೊಂಡು ಹೊಳೆಯ ದಂಡೆಗೆ ಹೋಯಿತು.

"ಹೊಳೆವ್ವ, ನನ್ನ ಮೈಯಾಗ ಒಂದು ಕೆಂಪು ನೀರು ಐತಿ. ಸುಮ್ಮನ ಕುಂತೈತಿ. ಅದಕ್ಕ ಸ್ವಲ್ಪ ಬುದ್ಧಿ ಹೇಳವ್ವ," ಅಂದಿತು.

ಹೊಳೆಗೆ ಪಾಠ ಹೇಳುವುದೆಂದರೆ ಬಲು ಇಷ್ಟ. "ಕೇಳಿಸ್ಕೋ ತಮ್ಮಾ," ಅಂದಳು ರಕ್ತಕ್ಕೆ. "ಮುಂದ ಮುಂದ ಹೋಗಾದು, ಅಷ್ಟ ಕೆಲಸ. ಹಿಂದ ನೋಡಬ್ಯಾಡ. ದಾರಿ ಸಿಕ್ಕಲ್ಲಿ ನುಗ್ಗು, ತೂತು ಸಿಕ್ಕಲ್ಲಿ ಹೊರಗ ಬಾ. ಏನ ಆದ್ರೂ ನಿಲ್ಲಬ್ಯಾಡ."

ರಕ್ತ ಒಳ್ಳೆಯ ವಿದ್ಯಾರ್ಥಿ. ಹೇಳಿದ್ದನ್ನು ಹೇಳಿದ ಹಾಗೆಯೇ ಬಾಯಿಪಾಠ ಮಾಡಿತು. ಮರುಕ್ಷಣವೇ ಹರಿಯತೊಡಗಿತು. ಚಿಗರಿ ಎದ್ದು ನಿಂತಿತು, ಕಿವಿ ನಿಮಿರಿಸಿತು, ಒಂದೇ ನೆಗೆತಕ್ಕೆ ಬಂಡೆ ದಾಟಿತು. ಅದನ್ನು ನೋಡಿ ಎಲ್ಲ ಪ್ರಾಣಿಗಳೂ ತಮ್ಮ ತಮ್ಮ ರಕ್ತವನ್ನು ಹೊಳೆಯ ಹತ್ತಿರ ಪಾಠಕ್ಕೆ ಕರೆದುಕೊಂಡು ಬಂದವು. ಮನುಷ್ಯರೂ ಬಂದರು.

ನಿಲ್ಲುವುದು ಹೇಗೆ ಅಂತ ಮಾತ್ರ ಹೊಳೆ ಕಲಿಸಲಿಲ್ಲ. ಅವಳಿಗೇ ಗೊತ್ತಿರಲಿಲ್ಲ. ಕೇಳಬೇಕು ಅಂತ ಯಾರಿಗೂ ಹೊಳೆಯಲೂ ಇಲ್ಲ.

ಹೀಗೇ ಎಷ್ಟೋ ಕಾಲ ಕಳೆಯಿತು. ಒಂದು ಬೆಳಿಗ್ಗೆ ಚಿಗರಿ ಜಿಗಿಯುತ್ತ ಜಿಗಿಯುತ್ತ ಜಾಲಿಗಿಡದ ಪಕ್ಕ ಹಾದುಹೋಯಿತು. ಒಂದು ಮುಳ್ಳು ಅದರ ತೊಡೆಗೆ ತಾಗಿತು. ಸಣ್ಣ ಗೀರು, ಅಷ್ಟೇ. ಅದರಿಂದ ಒಂದು ಕೆಂಪು ಹನಿ ಹೊರಗೆ ಬಂತು.

ರಕ್ತವನ್ನು ಅದುವರೆಗೆ ಯಾರೂ ಹೊರಗೆ ನೋಡಿರಲಿಲ್ಲ. ಎಲ್ಲರೂ ಓಡಿಬಂದರು. ಎಷ್ಟು ಚೆಂದದ ಬಣ್ಣ ಅಂತ ಹೊಗಳಿದರು. ಗಿಳಿ ತನ್ನ ಕೊಕ್ಕನ್ನು ಹನಿಯ ಪಕ್ಕ ಹಿಡಿದು ಯಾವುದು ಹೆಚ್ಚು ಕೆಂಪು ಅಂತ ಕೇಳಿತು. ಚಿಗರಿಗೂ ಸಣ್ಣ ಜಂಬ ಬಂತು.

ಎರಡನೇ ಹನಿ ಬಂತು. ಮೂರನೆಯದು ಬಂತು. ಹನಿ ಹೋಗಿ ಧಾರೆ ಆಯಿತು. ಗಿಳಿ ಕೊಕ್ಕು ಹಿಂದಕ್ಕೆ ತೆಗೆದುಕೊಂಡಿತು.

"ಸಾಕು, ನಿಲ್ಲು," ಅಂದಿತು ಚಿಗರಿ.

"ನಿಲ್ಲಾದು ನನಗ ಯಾರೂ ಕಲಿಸಿಲ್ಲ," ಅಂದಿತು ರಕ್ತ.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಚಿಗರಿ ಮಲಗಿತ್ತು. ಮತ್ತೆ ಏಳಲಿಲ್ಲ. ಅದುವರೆಗೆ ಸಾಯುವುದು ಅಂದರೆ ಹಣ್ಣು ಹಣ್ಣು ಮುದುಕರಾಗಿ, ಹಲ್ಲು ಉದುರಿ, ಎಲ್ಲರಿಗೂ ಹೇಳಿ ಸಾಯುವುದು. ಬೆಳಿಗ್ಗೆ ಜಿಗಿದದ್ದು ಮಧ್ಯಾಹ್ನಕ್ಕೆ ಇಲ್ಲವಾಗುವುದನ್ನು ಯಾರೂ ಕಂಡಿರಲಿಲ್ಲ. ಬಾಯಿ ತೆರೆದವರು ತೆರೆದಂತೆಯೇ ನಿಂತರು. ಗಾಳಿ ಕೂಡ ಬೀಸುವುದನ್ನು ಮರೆಯಿತು.

"ನಾ ಸುಮ್ಮನ ನಿಂತಿದ್ದೆ. ಆಕೀನ ಬಂದು ತಾಗಿದ್ಲು," ಅಂತ ಜಾಲಿಗಿಡ ಮೆಲ್ಲಗೆ ಹೇಳಿತು. ಅದನ್ನು ಯಾರೂ ಬೈಯಲಿಲ್ಲ.

ಆವತ್ತಿನಿಂದ ಲೋಕ ತುದಿಗಾಲಿನ ಮೇಲೆ ನಡೆಯತೊಡಗಿತು. ಬೆಕ್ಕು ತನ್ನ ಉಗುರುಗಳನ್ನು ನೋಡಿಕೊಂಡು ಹೆದರಿ ಪಂಜದೊಳಗೆ ಎಳೆದುಕೊಂಡಿತು. ಮುಳ್ಳುಹಂದಿ ಯಾರ ಕಣ್ಣಿಗೂ ಬೀಳಬಾರದೆಂದು ಬಿಲ ತೋಡಿ ಒಳಗೆ ಕೂತಿತು. ಆಡುಗಳು ಕೋಡು ತಾಗದಂತೆ ಒಂದಕ್ಕೊಂದು ಮಾರು ದೂರದಲ್ಲಿ ಮಲಗಿದವು. ಆದರೂ ಮೇಲಿಂದ ಮೇಲೆ ಸುದ್ದಿ ಬರುತ್ತಲೇ ಇತ್ತು. ಮೊಲಕ್ಕೆ ಕಲ್ಲು ತಾಗಿತಂತೆ. ಕರುವಿನ ಕಿವಿ ಬೇಲಿಗೆ ಸಿಕ್ಕಿತಂತೆ. ಪ್ರತಿ ಸಲವೂ ಎಲ್ಲರೂ ಸುತ್ತ ನಿಂತು ಬೇಡಿಕೊಳ್ಳುತ್ತಿದ್ದರು. ಪ್ರತಿ ಸಲವೂ ರಕ್ತ ಅದೇ ಮಾತು ಹೇಳುತ್ತಿತ್ತು.

"ನಿಲ್ಲಾದು ನನಗ ಯಾರೂ ಕಲಿಸಿಲ್ಲ."

ಆ ಹೊಳೆಯ ದಂಡೆಯಲ್ಲಿ ಹರಿಗೋಲು ಕಟ್ಟುವ ಮಂದಿ ಇದ್ದರು. ಹರಿಗೋಲು ಗೊತ್ತಲ್ಲ? ದುಂಡಗೆ, ದೊಡ್ಡ ಬುಟ್ಟಿಯಂಥ ದೋಣಿ. ಬಿದಿರನ್ನು ಸೀಳಿ ದಬ್ಬೆ ಮಾಡಿ, ದಬ್ಬೆಯನ್ನು ಹೆಣೆದು, ಹೊರಗೆ ತೊಗಲು ಹೊಲಿದು, ಮೇಲೆ ರಾಳ ಬಳಿಯುತ್ತಾರೆ. ನವಣೆ ಬೆಳೆಯುತ್ತಿದ್ದುದು ಹೊಳೆಯ ಆಚೆ ದಡದಲ್ಲಿ. ಹರಿಗೋಲಿಲ್ಲದಿದ್ದರೆ ಈಚೆ ದಡದವರಿಗೆ ಊಟವಿಲ್ಲ. ಹೀಗಾಗಿ ಹೆದರಿಕೆ ಇದ್ದರೂ ಬಿದಿರು ಸೀಳಲೇಬೇಕಿತ್ತು.

ಅವರಲ್ಲಿ ಹುಲಿಗೆವ್ವ ಅಂತ ಒಬ್ಬಳಿದ್ದಳು. ಅವಳು ಸೀಳಿದ ದಬ್ಬೆ ಅಂದರೆ ದಬ್ಬೆ. ಮೊದಲೆಲ್ಲ ಅವಳು ಪ್ರತಿಯೊಂದು ದಬ್ಬೆಯ ಅಂಚಿನ ಮೇಲೂ ಬರಿಗೈಯ ಹೆಬ್ಬೆರಳು ಆಡಿಸಿ ನೋಡುತ್ತಿದ್ದಳು. ಎಲ್ಲಿ ಚೂಪು ಸಿಕ್ಕಿತೋ ಅಲ್ಲಿ ಕಲ್ಲಿನಿಂದ ಉಜ್ಜಿ ನುಣುಪು ಮಾಡುತ್ತಿದ್ದಳು. ಚಿಗರಿ ಸತ್ತ ಮೇಲೆ ಹರಿಗೋಲಿನ ಮಂದಿ ಎರಡು ಕಟ್ಟಳೆ ಮಾಡಿಕೊಂಡರು. ಮಚ್ಚು ಹಿಡಿಯುವವರು ಬೆರಳಿನಿಂದ ಮೊಣಕೈವರೆಗೆ ತೊಗಲು ಸುತ್ತಿಕೊಳ್ಳಬೇಕು. ಮಚ್ಚು ಒಳಗಿಡುವ ತನಕ ಮಕ್ಕಳೆಲ್ಲ ಕಟ್ಟಿ ಮುಗಿದ ಹರಿಗೋಲಿನೊಳಗೆ ಕೂತಿರಬೇಕು.

ಹುಲಿಗೆವ್ವಳಿಗೆ ಆರು ವರ್ಷದ ಒಬ್ಬಳೇ ಮಗಳು, ಸುಂಕವ್ವ. ಅವಳ ಬಾಯಿ ಒಂದು ಗಳಿಗೆ ಸುಮ್ಮನಿರದು.

"ಯವ್ವಾ, ಎಷ್ಟೊತ್ತು ಕುಂದ್ರಬೇಕು?" ಅಂತ ಹರಿಗೋಲಿನೊಳಗಿಂದ ಕೂಗುತ್ತಿದ್ದಳು.

"ಮಚ್ಚು ಒಳಗ ಹೋಗಾತನ."

"ಮಚ್ಚಿಗಿ ನಿದ್ದಿ ಬಂದೈತಿ ನೋಡು, ಒಳಗ ಹಾಕು."

"ನಿನಗ ನಿದ್ದಿ ಬರವಲ್ಲದು, ಅದಕ್ಕ ಬರತೈತೇನು? ಸುಮ್ಮನ ಕುಂದ್ರು."

ಇದು ದಿನವೂ ನಡೆಯುವ ಮಾತು. ಪಕ್ಕದಲ್ಲಿ ಮುದುಕ ಗಾಳೆಪ್ಪ ಮುತ್ಯಾ ಕೂತು ಪುಂಡಿ ಗಿಡದ ನಾರನ್ನು ಎಳ್ಳುಕಾಳಿನಷ್ಟು ಸಣ್ಣ ಸಣ್ಣ ಚೂರು ಮಾಡುತ್ತ ನಗುತ್ತಿದ್ದ. ತೂತಾದ ಹರಿಗೋಲು ಮುಚ್ಚುವುದು ಅವನ ಕೆಲಸ. ನಡುಹೊಳೆಯಲ್ಲಿ ತೂತು ಬಿದ್ದರೆ ಮುತ್ಯಾ ನೀರಿಗೆ ಇಳಿದು, ಹೊರಗಡೆಯಿಂದ ತೂತಿನ ಹತ್ತಿರ ಒಂದು ಹಿಡಿ ಚೂರು ಬಿಡುತ್ತಿದ್ದ. ಒಳಗೆ ನುಗ್ಗುವ ನೀರೇ ಆ ಚೂರುಗಳನ್ನು ಎಳೆದೊಯ್ದು ತೂತಿನಲ್ಲಿ ತುರುಕುತ್ತಿತ್ತು. ಆಮೇಲೆ ಮೇಲೊಂದಿಷ್ಟು ನೂಲು, ನೂಲಿನ ಮೇಲೆ ರಾಳ.

ಆವತ್ತು ಮಧ್ಯಾಹ್ನ ಹುಲಿಗೆವ್ವ ಮಚ್ಚು ಒರೆಸಿ ಒಳಗಿಟ್ಟಳು. ಕೈಗೆ ಸುತ್ತಿದ್ದ ತೊಗಲು ಬಿಚ್ಚಿದಳು. "ಇನ್ನ ಇಳಿ ಬಾ," ಅಂತ ಮಗಳನ್ನು ಕರೆದಳು.

ಸುಂಕವ್ವ ಹರಿಗೋಲಿನ ಅಂಚು ಹಿಡಿದು ಕೆಳಕ್ಕೆ ಜಾರಿದಳು. ಹಾಗೆ ಜಾರುವಾಗ ಅವಳ ಅಂಗೈ ಒಂದು ದಬ್ಬೆಯ ಅಂಚಿನ ಮೇಲೆ ಉದ್ದಕ್ಕೆ ಎಳೆದುಕೊಂಡು ಬಂತು. ಬಿದಿರಿನ ಸೀಳು ಮಚ್ಚಿಗಿಂತ ಹರಿತ, ಮುಟ್ಟಿದವರಿಗೇ ಗೊತ್ತು.

ಅವಳು ಅಳಲಿಲ್ಲ. ಅಂಗೈಯನ್ನು ತಾಯಿಯ ಕಡೆ ಚಾಚಿ ತೋರಿಸಿದಳು. ಕೆಂಪು ಆಗಲೇ ಮೊಣಕೈವರೆಗೆ ಇಳಿದಿತ್ತು.

ಹುಲಿಗೆವ್ವ ನೋಡುತ್ತ ನಿಂತಳು. ಕಣ್ಣು ಮಗಳ ಕೈಯಿಂದ ದಬ್ಬೆಗೆ ಹೋಯಿತು. ದಬ್ಬೆ ಅವಳದೇ, ಹೋದ ವಾರ ಸೀಳಿದ್ದು. ಕೈಗೆ ತೊಗಲು ಸುತ್ತಿಕೊಂಡಿದ್ದರಿಂದ ಅಂಚಿನ ಚೂಪು ಬೆರಳಿಗೆ ತಿಳಿದಿರಲಿಲ್ಲ. ತನ್ನ ಕೈ ಉಳಿಸಿಕೊಳ್ಳಲು ಹೋಗಿ ಮಗಳ ಕೈ ಕುಯ್ದಿದ್ದಳು. ದಂಡೆಯಲ್ಲಿದ್ದ ಮಂದಿ ಹತ್ತಿರ ಬಂದರು. ಮುಂದೆ ಏನಾಗುತ್ತದೆ ಅಂತ ಚಿಗರಿಯ ದಿನದಿಂದ ಎಲ್ಲರಿಗೂ ಗೊತ್ತಿತ್ತು.

"ನಿಲ್ಲಪ್ಪ, ಸಣ್ಣ ಕೂಸು ಅದು," ಅಂದಳು ಹುಲಿಗೆವ್ವ ರಕ್ತಕ್ಕೆ.

"ನಿಲ್ಲಾದು ನನಗ ಯಾರೂ ಕಲಿಸಿಲ್ಲವ್ವ," ಅಂದಿತು ರಕ್ತ. ಈ ಸಲ ಅದರ ದನಿಯಲ್ಲೂ ನಡುಕವಿತ್ತು.

ಹುಲಿಗೆವ್ವ ಓಡಿಹೋಗಿ ಒಂದು ದೊಡ್ಡ ತೊಗಲಿನ ತುಂಡು ತಂದು ಅಂಗೈಗೆ ಒತ್ತಿದಳು. ರಕ್ತ ಅದನ್ನು ಕೆಳಗಿನಿಂದ ಎತ್ತಿ ಪಕ್ಕಕ್ಕೆ ತಳ್ಳಿತು. ಮತ್ತೆ ಒತ್ತಿದಳು, ಮತ್ತೆ ತಳ್ಳಿತು.

"ಹುಲಿಗೆವ್ವಾ," ಅಂದ ಗಾಳೆಪ್ಪ ಮುತ್ಯಾ. "ಬುದ್ಧಿ ಎಲ್ಲಿಟ್ಟಿ? ತೂತಿಗೆ ಇಡೀ ತೊಗಲು ಹಚ್ಚತಾರೇನು? ಚೂರು ಬೇಕು."

ತಾನೇ ಒಂದು ಹಿಡಿ ಪುಂಡಿ ಚೂರು ತಂದು ಗಾಯದ ಮೇಲೆ ಹಾಕಿದ. ರಕ್ತ ಅವನ್ನೆಲ್ಲ ಹೊರಕ್ಕೆ ತೇಲಿಸಿಕೊಂಡು ಬಂದು ನೆಲಕ್ಕೆ ಚೆಲ್ಲಿತು. ಮುತ್ಯಾ ತನ್ನ ಕೈಯನ್ನೇ ನೋಡಿಕೊಂಡ. ಐವತ್ತು ವರ್ಷ ತೂತು ಮುಚ್ಚಿದ ಕೈ ಅದು.

"ನೀರು ಬರೋ ಕಡಿಂದ ಬಿಡಬೇಕು ಚೂರು," ಅಂದ, ತನಗೇ ಹೇಳಿಕೊಳ್ಳುವಂತೆ. "ಹರಿಗೋಲಿಗೆ ನೀರು ಹೊರಗಿಂದ ಬರತೈತಿ, ಹೊರಗಿಂದ ಬಿಡತೀವಿ. ಇದು ಒಳಗಿಂದ ಬರಾಕ್ಹತ್ತೈತಿ. ಒಳಗಿಂದ ಬಿಡಬೇಕು. ಒಳಗ ಯಾರದಾರ?"

ಸುಂಕವ್ವಳ ತುಟಿ ಬೆಳ್ಳಗಾಗುತ್ತ ಬಂತು. "ಯವ್ವಾ, ಚಳಿ," ಅಂದಳು. ಎಂಥ ಬಿಸಿಲಿತ್ತೆಂದರೆ ಮರಳು ಕಾಲು ಸುಡುತ್ತಿತ್ತು.

ಹುಲಿಗೆವ್ವ ಎರಡೂ ಕೈಯಿಂದ ಮಗಳ ಅಂಗೈಯನ್ನು ಅಮುಕಿ ಹಿಡಿದು, ಅವಳ ತೋಳಿನ ಮೂಳೆಯ ಮೇಲೆ ಬಾಯಿಟ್ಟು ಕೂಗಿದಳು.

"ಒಳಗ ಯಾರರ ಅದೀರೇನು?"

ಮೂಳೆ ಮಾತನ್ನು ಒಯ್ಯುತ್ತದೆ. ನಂಬಿಕೆ ಇಲ್ಲದಿದ್ದರೆ ಎರಡೂ ಕಿವಿ ಮುಚ್ಚಿಕೊಂಡು ಹಲ್ಲು ಕಟಕಟ ಮಾಡಿ ನೋಡು.

ಆ ಮೂಳೆಯ ಒಳಗೊಂದು ಮನೆಯಿತ್ತು. ಅಲ್ಲಿ ಕೆಂಪು ಮಂದಿ ಇದ್ದರು, ಉಸಿರನ್ನು ತಲೆಯ ಮೇಲೆ ಹೊತ್ತು ಊರೂರು ಮುಟ್ಟಿಸುವುದು ಅವರ ಕೆಲಸ. ಬಿಳಿ ಮಂದಿ ಇದ್ದರು, ಕಳ್ಳ ರೋಗ ನುಗ್ಗಿದರೆ ಹೊಡೆದಟ್ಟುವುದು ಅವರ ಕೆಲಸ. ಮೂಲೆಯಲ್ಲಿ ದೊಡ್ಡವ್ವ ಇದ್ದಳು. ಇಡೀ ಮನೆಯಲ್ಲಿ ಅವಳಷ್ಟು ದೊಡ್ಡ ಮೈ ಯಾರದೂ ಇಲ್ಲ. ಅವಳಿಗೆ ಕೆಲಸ ಮಾತ್ರ ಇರಲಿಲ್ಲ.

"ದೊಡ್ಡವ್ವ, ಜಾಗ ಬಿಡು. ಮುಂಜಾನಿಂದ ಕುಂತಲ್ಲೇ ಕುಂತೀದಿ," ಅಂತ ಕೆಂಪು ಮಂದಿ ದಿನಾಲೂ ಚುಚ್ಚುತ್ತಿದ್ದರು.

"ನನ್ನ ಕೆಲಸ ಏನಂತ ಇನ್ನೂ ಯಾರೂ ಹೇಳಿಲ್ಲಪ್ಪ," ಅಂತ ಅವಳು ಸರಿದು ಕೂರುತ್ತಿದ್ದಳು. ಅವಳಿಗೆ ಸಿಟ್ಟು ಬರುತ್ತಿರಲಿಲ್ಲ, ನಾಚಿಕೆ ಆಗುತ್ತಿತ್ತು.

ಹುಲಿಗೆವ್ವಳ ಕೂಗಿಗೆ ಮನೆಯ ಗೋಡೆ ನಡುಗಿತು. ಕೆಂಪು ಮಂದಿ ದಿಗಿಲುಗೊಂಡು ಒಬ್ಬರ ಮೇಲೊಬ್ಬರು ಬಿದ್ದರು. ಹೊರಗಿನವರು ಯಾರೂ ಅದುವರೆಗೆ ಅವರನ್ನು ಮಾತಾಡಿಸಿರಲಿಲ್ಲ.

"ನಾ ಅದೀನಿ," ಅಂದಳು ದೊಡ್ಡವ್ವ. "ಯಾರು ನೀವು?"

"ನಾ ಈ ಕೂಸಿನ ತಾಯಿ. ಅಂಗೈ ಹರದೈತವ್ವ. ರಕ್ತ ನಿಲ್ಲವಲ್ಲದು. ಒಳಗಿಂದ ಯಾರರ ಮುಚ್ಚಬೇಕು."

"ನಾ ಬಂದು ಅಡ್ಡ ಕುಂದ್ರತಿದ್ದೆ. ಆದರ ಈ ಮನಿ ಬಾಗಿಲ ಭಾಳ ಸಣ್ಣದು. ನನ್ನ ಒಂದು ಬೆರಳಷ್ಟ ಹಿಡಸತೈತಿ."

ಏನು ಬೇಕು ಅಂತ ಹುಲಿಗೆವ್ವಳಿಗೆ ಗೊತ್ತಿತ್ತು, ಕೇಳಲು ಬಾಯಿ ಬರಲಿಲ್ಲ. ಇನ್ನೊಬ್ಬರಿಗೆ ಹರಿದುಕೋ ಅಂತ ಹೇಗೆ ಹೇಳುವುದು?

"ಅಲ್ಲಿ ಮುತ್ಯಾ ಚೂರು ಚೂರು ಅನ್ನಾಕತ್ತಿದ್ದ," ಅಂದಳು ದೊಡ್ಡವ್ವ. "ನನಗೂ ಕೇಳಿಸ್ತು. ಎಷ್ಟು ಸಣ್ಣವು ಬೇಕು?"

"ಎಳ್ಳಿಗಿಂತ ಸಣ್ಣವು," ಅಂದಳು ಹುಲಿಗೆವ್ವ. ಅಷ್ಟು ಹೇಳುವಾಗ ಅವಳಿಗೆ ಅಳು ಬಂತು.

"ಕೂಸಿನ ಹೆಸರೇನವ್ವ?"

"ಸುಂಕವ್ವ."

"ಆರು ವರ್ಷ ಆತು, ಆಕಿ ಒಳಗ ಕುಂತೀನಿ. ಹೆಸರು ಇವತ್ತ ಕೇಳಿದೆ ನೋಡು," ಅಂದಳು ದೊಡ್ಡವ್ವ.

ಆಮೇಲೆ ಮೂಳೆಯನ್ನು ಕೇಳಿದಳು: "ನಾ ಚೂರಾದ್ರ ನಾ ಎಲ್ಲಿರತೀನಿ?"

ಮೂಳೆಗೆ ಸುಳ್ಳು ಬರುವುದಿಲ್ಲ. "ನನಗ ಗೊತ್ತಿಲ್ಲ," ಅಂದಿತು.

ದೊಡ್ಡವ್ವ ಸ್ವಲ್ಪ ಹೊತ್ತು ಯೋಚಿಸಿದಳು. ಹೆಚ್ಚು ಹೊತ್ತಲ್ಲ. ಬಾಗಿಲಿನ ಸಂದಿಯಿಂದ ಒಂದು ಬೆರಳನ್ನು ಹೊರಗೆ ಚಾಚಿದಳು. ಹೊರಗೆ ರಕ್ತ ಭರದಿಂದ ಹರಿಯುತ್ತಿತ್ತು.

"ತಮ್ಮಾ, ಇದನ್ನ ಎಳಿ," ಅಂದಳು.

"ನಾ ಎಳದ್ರ ನೀ ಹರೀತಿ ದೊಡ್ಡವ್ವ."

"ಹರೀಲಿ ಅಂತನ ಹೇಳಾಕತ್ತೀನಿ. ನಿನಗ ನಿಲ್ಲಾದು ಬರಂಗಿಲ್ಲ, ಎಳಿಯಾದು ಬರತೈತಲ್ಲ? ಬರಾದನ್ನ ಮಾಡು."

ರಕ್ತ ಎಳೆಯಿತು. ಬೆರಳು ಎಳೆಯಾಯಿತು, ಎಳೆ ತುಂಡಾಯಿತು, ತುಂಡು ಚೂರಾಯಿತು. ದೊಡ್ಡವ್ವ ಇನ್ನೊಂದು ಬೆರಳು ಚಾಚಿದಳು. ಆಮೇಲೆ ಕೈ, ಆಮೇಲೆ ತೋಳು. ಇಷ್ಟು ದಿನ ಅವಳನ್ನು ಗೇಲಿ ಮಾಡಿದ ಕೆಂಪು ಮಂದಿ ಗೋಡೆಗೆ ಒತ್ತಿ ನಿಂತು ನೋಡಿದರು. ನೋಡನೋಡುತ್ತಲೇ ಮೂಲೆ ಖಾಲಿಯಾಯಿತು. ಆ ಮೂಲೆಯನ್ನು ಖಾಲಿಯಾಗಿ ಅವರು ಯಾವತ್ತೂ ನೋಡಿರಲಿಲ್ಲ.

ಹೊರಗೆ ರಕ್ತದಲ್ಲಿ ಸಾವಿರಾರು ಪುಟ್ಟ ಚೂರುಗಳು ತೇಲಿದವು. ತಟ್ಟೆಯ ಹಾಗೆ ದುಂಡಗೆ, ನುಣ್ಣಗೆ. ಅವಕ್ಕೆ ಹೆಸರಿಲ್ಲ. ಹಿಂದಿನದು ಏನೂ ನೆನಪಿಲ್ಲ. ದೊಡ್ಡವ್ವಳ ಮೈಯೊಳಗಿದ್ದ ಬೀಜದ ಕಾಳೊಂದು ಮಾತ್ರ ಮನೆಯೊಳಗೇ ಉಳಿದುಹೋಗಿತ್ತು, ಹಾಗಾಗಿ ಅವಕ್ಕೆ ಮುಂದೆ ಮಕ್ಕಳೂ ಆಗುವಂತಿರಲಿಲ್ಲ. ರಕ್ತ ಎಳೆದ ಕಡೆ ಹೋದವು.

ಮೊದಲು ಬಂದವು ನುಣ್ಣಗಿದ್ದುದರಿಂದ ಜಾರಿ ಹೊರಗೆ ಬಿದ್ದವು. ಆಗ ಒಂದು ಚೂರು ಹರಿದ ಅಂಚಿಗೆ ತಾಗಿತು. ಹರಿದದ್ದನ್ನು ಅದು ಹುಟ್ಟಿ ಕಂಡದ್ದೇ ಮೊದಲು. ಮೈ ಝುಮ್ಮೆಂದಿತು. ಬೆಚ್ಚಿಬಿದ್ದ ಭರಕ್ಕೆ ಅದರ ನುಣ್ಣನೆಯ ಮೈಯಿಂದ ಕೈಕಾಲುಗಳು ಒಡೆದು ಚಾಚಿಕೊಂಡವು. ಸಿಕ್ಕ ಅಂಚನ್ನು ಗಟ್ಟಿಯಾಗಿ ಹಿಡಿಯಿತು. ಅದು ಬೆಚ್ಚಿದ್ದನ್ನು ನೋಡಿ ಪಕ್ಕದ್ದು ಬೆಚ್ಚಿತು, ಅದಕ್ಕೂ ಕೈಕಾಲು ಬಂತು. ಅದನ್ನು ನೋಡಿ ಮತ್ತೊಂದು. ಹೆದರಿದ ಮಕ್ಕಳ ಹಾಗೆ ಒಂದರ ಕೈ ಒಂದು ಹಿಡಿದುಕೊಂಡವು. ಹಿಡಿದದ್ದನ್ನು ಬಿಡಲಿಲ್ಲ.

ರಕ್ತದ ನೀರಿನಲ್ಲಿ ಕರಗಿ ಕಾಣದಂತಿದ್ದ ನೂಲು ಈ ಗದ್ದಲಕ್ಕೆ ಎಚ್ಚೆತ್ತಿತು. ಏನಾಯಿತು, ಏನಾಯಿತು ಅನ್ನುತ್ತ ಎಳೆ ಎಳೆಯಾಗಿ ಬಂದು ಚೂರುಗಳ ಮೇಲೆ ಬಲೆ ಹೆಣೆಯಿತು. ದಾರಿಹೋಕ ಕೆಂಪು ಮಂದಿ ಆ ಬಲೆಯಲ್ಲಿ ಸಿಕ್ಕಿಕೊಂಡು ಒತ್ತೊತ್ತಾಗಿ ನಿಂತರು.

ರಕ್ತ ಮುಂದೆ ನೋಡಿತು. ದಾರಿ ಇರಲಿಲ್ಲ.

"ನಾ ನಿಂತೀನಿ," ಅಂದಿತು. ಅದಕ್ಕೇ ನಂಬಿಕೆ ಬರಲಿಲ್ಲ.

ಹುಲಿಗೆವ್ವ ಅಮುಕಿದ್ದ ಕೈಯನ್ನು ಇನ್ನೂ ಸಡಿಲಿಸಿರಲಿಲ್ಲ. ಗಾಳೆಪ್ಪ ಮುತ್ಯಾ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಸುಂಕವ್ವಳ ಅಂಗೈಯಲ್ಲಿ ಕಪ್ಪು ಕೆಂಪಿನ ಒಂದು ಗೆರೆ ಕೂತಿತ್ತು. ಅದರಿಂದ ಏನೂ ಇಳಿಯುತ್ತಿರಲಿಲ್ಲ. ಮಂದಿ ಬಗ್ಗಿ ಬಗ್ಗಿ ನೋಡಿದರು. ಒಬ್ಬರು ಮುಟ್ಟಲು ಹೋದರೆ ಮುತ್ಯಾ ಕೈ ಮೇಲೆ ಹೊಡೆದ.

"ಯವ್ವಾ, ಹಸಿವು," ಅಂದಳು ಸುಂಕವ್ವ.

ಆಗ ಹುಲಿಗೆವ್ವ ಅತ್ತಳು. ಅತ್ತು ಮುಗಿಸಿ, ಮಗಳ ತೋಳಿನ ಮೇಲೆ ಮತ್ತೆ ಬಾಯಿಟ್ಟು ಕರೆದಳು. "ಯವ್ವಾ, ಒಳಗಿನಾಕಿ. ನಿನ್ನ ಹೆಸರು ಕೇಳಾಕ ಮರತೆ."

ಕಿವಿಯಿಟ್ಟು ಕೇಳಿದಳು. ಮತ್ತೆ ಕರೆದಳು.

"ಆಕಿ ಇಲ್ಲಿಲ್ಲ," ಅಂದಿತು ಮೂಳೆ. "ನಿನ್ನ ಕೂಸಿನ ಅಂಗೈಯಾಗ ಅದಾಳ, ಅಲ್ಲಿ ನೋಡು."

ಹುಲಿಗೆವ್ವ ಆ ಕಪ್ಪು ಗೆರೆಯನ್ನು ನೋಡಿದಳು.

ಸುದ್ದಿ ಹೊಳೆಗೂ ಮುಟ್ಟಿತು. ಅವಳು ದಂಡೆಗೆ ಅಪ್ಪಳಿಸಿ ಬಂದಳು. "ಏನ ಆದ್ರೂ ನಿಲ್ಲಬ್ಯಾಡ ಅಂತ ಕಲಿಸಿದ್ದೆ. ನನ್ನ ಪಾಠ ಮರತ ನಿಂತದ್ದು ಯಾರ ರಕ್ತ?" ಅಂದಳು.

"ಹೊಳೆವ್ವ, ನಿನ್ನ ಪಾಠಕ್ಕ ಆ ಚಿಗರಿ ಹೋತು," ಅಂದ ಗಾಳೆಪ್ಪ ಮುತ್ಯಾ. "ತೂತು ಸಿಕ್ಕಲ್ಲಿ ಹೊರಗ ಬಾ ಅಂತ ಹೇಳಿಕೊಟ್ಟಾಕಿ ನೀನ."

ಹೊಳೆ ತೆರೆ ಎತ್ತಿದ್ದವಳು ಎತ್ತಿದಂತೆಯೇ ನಿಂತಳು. ಅವಳಿಗೆ ಇದು ಗೊತ್ತೇ ಇರಲಿಲ್ಲ. ಚಿಗರಿ ದಿನವೂ ಅವಳಲ್ಲೇ ನೀರು ಕುಡಿಯುತ್ತಿತ್ತು, ಒಂದು ದಿನದಿಂದ ಬರಲಿಲ್ಲ, ಎಲ್ಲೋ ಮೇಯಲು ಹೋಗಿದೆ ಅಂದುಕೊಂಡಿದ್ದಳು. ಆಮೇಲೆ ಹೊಳೆಯಲ್ಲಿ ಒಂದೂ ಅಲೆ ಏಳಲಿಲ್ಲ. ಸಂಜೆಗೆ ರಕ್ತವನ್ನು ಕರೆದು, "ಹರೀ ತಮ್ಮಾ, ಹರೀತಾನ ಇರು. ಮೈ ಹರದಲ್ಲಿ ಮಾತ್ರ ಆ ಚೂರುಗಳ ಮಾತು ಕೇಳು," ಅಂದಳು. ಪಾಠ ತಿದ್ದಿಕೊಂಡ ಗುರುವನ್ನು ರಕ್ತ ಅಲ್ಲಿಯವರೆಗೆ ಕಂಡಿರಲಿಲ್ಲ.

ಮೂಳೆಯಿಂದ ಮೂಳೆಗೆ ಮಾತು ಹೋಯಿತು. ಆಡಿನ ಮೂಳೆಯಲ್ಲಿ, ನಾಯಿಯ ಮೂಳೆಯಲ್ಲಿ, ಹುಲಿಯ ಮೂಳೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ದೊಡ್ಡವ್ವಂದಿರಿಗೆಲ್ಲ ತಮ್ಮ ಕೆಲಸ ಏನು ಅಂತ ತಿಳಿಯಿತು. ದಿನವೂ ಒಬ್ಬಳಲ್ಲ ಒಬ್ಬಳು ಬಾಗಿಲಿನಿಂದ ಬೆರಳು ಚಾಚಿ, ಎಳಿ ತಮ್ಮಾ ಅನ್ನತೊಡಗಿದಳು. ಹೊಸ ದೊಡ್ಡವ್ವಂದಿರು ಹುಟ್ಟುತ್ತಲೇ ಇದ್ದರು, ಹರಿದುಕೊಳ್ಳುತ್ತಲೇ ಇದ್ದರು. ಹಕ್ಕಿ, ಮೀನು, ಕಪ್ಪೆಗಳ ಮೈಯಲ್ಲಿ ಅಷ್ಟು ದೊಡ್ಡವರಿಗೆ ಜಾಗವಿರಲಿಲ್ಲ. ಅವುಗಳಲ್ಲಿ ಈ ಕೆಲಸಕ್ಕೆ ಸಣ್ಣ ಮೈಯ ತಂಗಿಯರು ನಿಂತರು. ಅವರು ಬಾಗಿಲಿನಲ್ಲಿ ಹಿಡಿಸುವವರೇ ಆದ್ದರಿಂದ ಹರಿದುಕೊಳ್ಳದೆ ಇಡಿಯಾಗಿಯೇ ಹೊರಗೆ ಬರುತ್ತಾರೆ. ಇವತ್ತಿಗೂ ಕೋಳಿಯ ರಕ್ತದಲ್ಲಿ ಇಡೀ ತಂಗಿಯರು, ಮನುಷ್ಯರ ರಕ್ತದಲ್ಲಿ ದೊಡ್ಡವ್ವಳ ಚೂರುಗಳು. ಆ ಚೂರುಗಳಿಗೆ ದವಾಖಾನೆಯವರು ಪ್ಲೇಟ್‌ಲೆಟ್ ಅನ್ನುತ್ತಾರೆ, ಶಾಲೆಯ ಪುಸ್ತಕದಲ್ಲಿ ಕಿರುತಟ್ಟೆ ಅಂತ ಬರೆದಿರುತ್ತದೆ.

ಆ ಚೂರುಗಳ ಆಯುಷ್ಯ ಹೆಚ್ಚೆಂದರೆ ಹತ್ತು ದಿನ. ಸುಂಕವ್ವಳ ಅಂಗೈ ಕಂಡ ಚೂರುಗಳಲ್ಲಿ ಒಂದೂ ಮುಂದಿನವಕ್ಕೆ ಆ ಸಂಗತಿ ಹೇಳಲು ಉಳಿಯಲಿಲ್ಲ. ಅವಳ ಅಂಗೈಯ ಹಕ್ಕಳೆ ಉದುರಿ, ಕೆಳಗೆ ಎಳೆಯ ಚರ್ಮ ಬರುವಷ್ಟರಲ್ಲಿ ಅವು ಮುಗಿದುಹೋಗಿದ್ದವು. ಉಳಿದವರೆಲ್ಲ ರಕ್ತ ನೋಡಿ ನೋಡಿ ಹೊಂದಿಕೊಂಡರು. ಬೆಕ್ಕು ಉಗುರು ಹೊರಗೆ ತೆಗೆಯಿತು, ಹುಲಿ ಹಣ್ಣು ತಿನ್ನುವುದನ್ನು ಬಿಟ್ಟಿತು, ಮನುಷ್ಯರ ಸುದ್ದಿ ನಾನು ಹೇಳುವುದೇ ಬೇಡ. ಗಾಯ ಅಂದರೆ ಇಷ್ಟೇ ಅಂತ ಎಲ್ಲರಿಗೂ ರೂಢಿಯಾಯಿತು. ಚೂರುಗಳಿಗೆ ಮಾತ್ರ ರೂಢಿಯಾಗಲು ಯಾರೂ ಪುರುಸೊತ್ತು ಕೊಡಲಿಲ್ಲ.

ನಿನ್ನೆ ಸೈಕಲ್ಲಿನಿಂದ ಬಿದ್ದು ನಿನ್ನ ಮೊಣಕಾಲು ತರಚಿತಲ್ಲ, ರಕ್ತ ಪಾದದವರೆಗೆ ಇಳಿಯುವ ಮೊದಲೇ ನಿಂತಿತಲ್ಲ ಮರಿ, ಅದು ನಿನ್ನೊಳಗಿನ ಯಾವಳೋ ದೊಡ್ಡವ್ವ ಹರಿದು ಕಳಿಸಿದ ಚೂರುಗಳು, ಲೋಕದಲ್ಲಿ ಮೊದಲ ಗಾಯ ಇದೇ ಅನ್ನುವಂತೆ ಬೆಚ್ಚಿಬಿದ್ದು, ಒಂದರ ಕೈ ಒಂದು ಹಿಡಿದುಕೊಂಡದ್ದರಿಂದ.